ಉಡಿ ತುಂಬಿಸಿಕೊಂಡು ಹೋದ ಕಾರು

ಸಿನಿಮಾದಲ್ಲಿ ಕಾರು ಪಲ್ಟಿ ಹೊಡೆಯುವುದನ್ನು ಕಂಡರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಮನೆಯವರೆಲ್ಲ ಟೀವಿ ಮುಂದೆ ಬಾಯಿ ಬಿಟ್ಟುಕೊಂಡು ಕೂತಿರುವಾಗ ನಾನು ಎದ್ದು ಒಳಗೆ ಹೋಗಿ, ಇಲ್ಲದ ಕೆಲಸ ಹುಡುಕಿಕೊಂಡು ಪಾತ್ರೆ ಸಪ್ಪಳ ಮಾಡುತ್ತೇನೆ. ಅಜ್ಜಿಗೆ ಹೆದರಿಕೆ ಎಂದು ಮೊಮ್ಮಕ್ಕಳು ನಗುತ್ತಾರೆ. ಹೆದರಿಕೆಯಲ್ಲ, ಹೇಸಿಗೆ. ಉರುಳಿದ ಕಾರಿನೊಳಗೆ ಯಾರೂ ಇರುವುದಿಲ್ಲ, ಅದೆಲ್ಲ ಮೋಸ ಎಂದು ಅವರು ನನಗೆ ತಿಳಿಸಿ ಹೇಳಲು ಬರುತ್ತಾರೆ. ಅದು ಅವರಿಗಿಂತ ನನಗೆ ಚೆನ್ನಾಗಿ ಗೊತ್ತು. ಮನುಷ್ಯ ಮೋಸ ಇರಬಹುದು, ಕಾರಂತೂ ನಿಜವಾದದ್ದೇ ಇರುತ್ತದೆ. ಅದು ಯಾರ ಮನೆಯ ಅಂಗಳದಿಂದ ಬಂತು ಎಂದು ಯಾರೂ ಕೇಳುವುದಿಲ್ಲ.

ನನ್ನ ಗಂಡನ ಮನೆ ನವಲಗುಂದದ ಆಚೆ, ಎರೆ ಹೊಲಗಳ ನಡುವಿನ ಒಂದು ಊರಿನಲ್ಲಿ. ನಾನು ಸೊಸೆಯಾಗಿ ಬಂದಾಗ ಆ ಮನೆಯ ಅಂಗಳದ ತಗಡಿನ ಛಪ್ಪರದಲ್ಲಿ ಒಂದು ಕಾರು ನಿಂತಿತ್ತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ, ಹುಬ್ಬಳ್ಳಿ ಬಿಟ್ಟು ತನ್ನ ದೇಶಕ್ಕೆ ಹೊರಟಿದ್ದ ಒಬ್ಬ ಬಿಳಿಯ ಎಂಜಿನಿಯರನಿಂದ ಮಾವನವರು ಕೊಂಡಿದ್ದಂತೆ. ಬದನೆಕಾಯಿ ಬಣ್ಣ. ದೀಪಗಳೆರಡೂ ಕಪ್ಪೆಯ ಕಣ್ಣಿನ ಹಾಗೆ ಹೊರಗೆ ಬಂದಿದ್ದವು. ಹತ್ತುವುದಕ್ಕೆ ಎರಡೂ ಬಾಜು ಉದ್ದನೆಯ ಹಲಗೆ. ಊರಿನವರು ಅದನ್ನು ಕಾರು ಎನ್ನುತ್ತಿರಲಿಲ್ಲ, ದೊಡ್ಡ ಮೋಟಾರು ಎನ್ನುತ್ತಿದ್ದರು. ಬೇರೆ ಸಣ್ಣ ಮೋಟಾರು ಊರಲ್ಲಿ ಇರಲಿಲ್ಲ, ಆದರೂ ಇದು ದೊಡ್ಡದೇ.

ಅದು ಶೋಕಿಗೆ ಇಟ್ಟ ಗಾಡಿ ಅಲ್ಲ. ನಮ್ಮ ಕಡೆಯ ಮಣ್ಣು ಬಲ್ಲವರಿಗೆ ಗೊತ್ತು, ಎರಡು ಮಳೆ ಬಿದ್ದರೆ ಎರೆ ಭೂಮಿ ಕಾಲು ಹಿಡಿದರೆ ಬಿಡುವುದಿಲ್ಲ. ಬಸ್ಸು ನಿಲ್ಲುತ್ತಿತ್ತು, ಚಕ್ಕಡಿಯೂ ನಿಲ್ಲುತ್ತಿತ್ತು. ಆಗ ಯಾರ ಮನೆಯಲ್ಲಾದರೂ ಹೆರಿಗೆ ಬೇನೆ ಶುರುವಾಗಿ ಸೂಲಗಿತ್ತಿಯ ಕೈ ಮೀರಿತೆಂದರೆ ನಮ್ಮ ಬಾಗಿಲಿಗೆ ಬರುತ್ತಿದ್ದರು. ಗಾಲಿಗೆ ಸರಪಳಿ ಸುತ್ತಿ, ಸಿಕ್ಕಿಬಿದ್ದಲ್ಲೆಲ್ಲ ಜೋಳದ ಕಣಿಕೆ ಹಾಸುತ್ತ ಹಾಸುತ್ತ ಆ ಮೋಟಾರು ಹುಬ್ಬಳ್ಳಿ ಮುಟ್ಟುತ್ತಿತ್ತು. ಹಿಂದಿನ ಸೀಟಿನಲ್ಲಿ ಬಸುರಿ, ಅವಳ ತಲೆ ನಮ್ಮ ಅತ್ತೆಯ ತೊಡೆಯ ಮೇಲೆ. ನನ್ನ ಹಿರಿಯ ಮಗಳು ಹುಟ್ಟಿದ್ದೂ ಆ ಸೀಟಿನಲ್ಲೇ. ಬೆಣ್ಣಿಹಳ್ಳ ತುಂಬಿ ದಾರಿ ಕಟ್ಟಿತ್ತು. ಅತ್ತೆ ನನ್ನ ಕಾಲು ಮಡಚಿ ಹಿಡಿದು, ಮೋಟಾರು ನಡೆಸುತ್ತಿದ್ದ ಚಾಚಾನಿಗೆ ಕೆಳಗಿಳಿದು ಆ ಕಡೆ ಮುಖ ಮಾಡಿ ನಿಲ್ಲು ಎಂದರು. ಆತ ಮಳೆಯಲ್ಲಿ ತೊಯ್ಯುತ್ತ ಬೆನ್ನು ತಿರುಗಿಸಿ ನಿಂತಿದ್ದ. ಕೂಸು ಅತ್ತ ಮೇಲೆ ಗಂಡೋ ಹೆಣ್ಣೋ ಎಂದು ಕೂಡ ಕೇಳಲಿಲ್ಲ, ಅಕ್ಕಾರ ಅರಾಮ ಅದಾರೇನ್ರಿ ಎಂದು ಕೇಳಿದ.

ಚಾಚಾ ಎಂದರೆ ಊರ ಮುಸಲ್ಮಾನರ ಓಣಿಯವನು. ಮಾವನವರು ಗಾಡಿ ತಂದ ದಿನದಿಂದ ಅದರ ಚಾಕರಿ ಅವನದೇ. ಮನೆಯಲ್ಲಿ ಅವನಿಗಿಂತ ನಮ್ಮ ಗಂಡಸರು ಕಡಿಮೆ ಮಾತಾಡುತ್ತಿದ್ದರು ಎನ್ನುವಷ್ಟು ಸಲಿಗೆ. ಅವನ ಹೆಂಡತಿ ಜಮಖಾನೆ ನೇಯುವವಳು. ಹಿಂದಿನ ಸೀಟು ಹರಿದಾಗ ಅಳತೆ ತೆಗೆದುಕೊಂಡು ಹೋಗಿ, ನವಿಲಿರುವ ಕೆಂಪು ಜಮಖಾನೆ ನೇಯ್ದು ಹಾಸಿದ್ದಳು. ಆ ಗಾಡಿ ಬೇರೆ ಯಾರ ಕೈಯಲ್ಲೂ ಚಾಲೂ ಆಗುತ್ತಿರಲಿಲ್ಲ. ಬಾನೆಟ್ ಎತ್ತಿ ಒಳಗೆ ಒದ್ದೆ ಅರಿವೆ ಹಾಕಿ, ಮುಂದೆ ಹ್ಯಾಂಡಲ್ ತುರುಕಿ, ಒಂದು ಅರ್ಧ ಸುತ್ತು ತಿರುಗಿಸಿ ಸುಮ್ಮನೆ ನಿಲ್ಲಬೇಕು. ಹತ್ತು ಎಣಿಸುವಷ್ಟು ಹೊತ್ತು ಬಿಟ್ಟು ಮತ್ತೆ ಹೊಡೆದರೆ ಕೆಮ್ಮಿ ಏಳುತ್ತಿತ್ತು. ನಡುವೆ ಅವಸರ ಮಾಡಿದರೆ ಹ್ಯಾಂಡಲ್ ತಿರುಗಿ ಬಂದು ಮುಂಗೈ ಮುರಿಯುತ್ತಿತ್ತು. ನನ್ನ ಗಂಡ ಒಮ್ಮೆ ತಾವೇ ಮಾಡುತ್ತೇನೆಂದು ಹೋಗಿ ಒಂದು ತಿಂಗಳು ಕೈಗೆ ಪಟ್ಟಿ ಕಟ್ಟಿಕೊಂಡಿದ್ದರು. ಆ ಗಾಡಿಯ ಮೇಲೆ ಅವರಿಗೆ ಸಿಟ್ಟು ಶುರುವಾದದ್ದು ಆಗಲೇ ಇರಬೇಕು.

ಮಾವನವರು ತೀರಿಹೋದ ಮೇಲೆ ಮನೆಯ ಕಾರಭಾರ ನನ್ನ ಗಂಡನ ಕೈಗೆ ಬಂತು. ಟ್ರ್ಯಾಕ್ಟರ್ ಬಂತು. ಊರಿಗೆ ಡಾಂಬರು ರಸ್ತೆ ಬಂತು. ಮೋಟಾರು ವಾರಕ್ಕೊಮ್ಮೆ ಮಾತ್ರ ಹೊರಗೆ ಬರುತ್ತಿತ್ತು, ಅದೂ ಚಾಚಾ ಬಂದು ಚಾಲೂ ಮಾಡಿ ಊರ ಸುತ್ತ ಒಂದು ಸುತ್ತು ಹಾಕಿಸಿಕೊಂಡು ಬರುತ್ತಿದ್ದ. ನಿಂತರೆ ಗಾಡಿಗೆ ವಾತ ಹಿಡಿಯುತ್ತದೆ ಎಂದು ಅವನ ವಾದ. ಅತ್ತೆ ಆ ಹೊತ್ತಿಗೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಗಾಡಿ ಹೊಳ್ಳಿ ಬಂದು ಛಪ್ಪರದಲ್ಲಿ ನಿಂತ ಮೇಲೆಯೇ ಒಳಗೆ ಹೋಗುತ್ತಿದ್ದರು.

ಎಂಬತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ ಸಿನಿಮಾದವರು ಬಂದರು. ಸುಗ್ಗಿ ಮುಗಿದು ಹೊಲಗಳು ಬೆತ್ತಲಾಗಿದ್ದವು. ಅವರಿಗೆ ಬೇಕಾದದ್ದೂ ಅದೇ, ಗಿಡ ಗಂಟಿ ಇಲ್ಲದ ಬಟಾಬಯಲು. ಹಿಂದಿನ ಕಾಲದ ರಾಜಕುಮಾರರು ಹಳೆಯ ಕಾರುಗಳಲ್ಲಿ ಮಣ್ಣಿನ ದಾರಿಯಲ್ಲಿ ರೇಸು ಓಡುವ ಕತೆಯಂತೆ. ಅವರ ಮ್ಯಾನೇಜರ್ ಒಬ್ಬ ತೆಳ್ಳಗಿನ ಮನುಷ್ಯ, ಬೆಂಗಳೂರು ಕಡೆಯ ಮಾತು, ಬಾಯಲ್ಲಿ ಬೆಣ್ಣೆ. ಹಳೆಯ ಕಾರು ಎಲ್ಲಿವೆ ಎಂದು ಊರೂರು ಕೇಳುತ್ತ ನಮ್ಮ ಅಂಗಳಕ್ಕೆ ಬಂದ. ಛಪ್ಪರದೊಳಗೆ ನೋಡಿ ಅವನ ಮುಖ ಅರಳಿದ್ದು ನನಗೆ ನೆನಪಿದೆ. ಕೊಬ್ಬಿದ ಟಗರು ನೋಡಿದ ಖಾಟಿಕನ ಮುಖವೂ ಹಾಗೇ ಅರಳುತ್ತದೆ.

ನನ್ನ ಗಂಡ ದುಡ್ಡಿಗಾಗಿ ಗಾಡಿ ಕೊಟ್ಟಿದ್ದರೆ ನಾನು ಇಷ್ಟು ಹೇಸಿಕೊಳ್ಳುತ್ತಿರಲಿಲ್ಲವೇನೋ. ಅವರು ಪುಕ್ಕಟೆ ಕೊಟ್ಟರು. ಅದರ ಬದಲಿಗೆ ಮ್ಯಾನೇಜರ್ ಅವರಿಗೊಂದು ಪಾರ್ಟು ಕೊಡುತ್ತೇನೆಂದ. ರೇಸು ಶುರುವಾಗುವಾಗ ಬಾವುಟ ಬೀಸುವ ದೊಡ್ಡ ಮನುಷ್ಯನ ಪಾರ್ಟು. ಅಷ್ಟಕ್ಕೇ ನಮ್ಮ ಯಜಮಾನರ ಕಾಲು ನೆಲ ಮುಟ್ಟಲಿಲ್ಲ. ಹುಬ್ಬಳ್ಳಿಗೆ ಹೋಗಿ ತಲೆಗೆ ಕಪ್ಪು ಹಚ್ಚಿಸಿಕೊಂಡು ಬಂದರು, ಅದು ಕಿವಿಯ ಮೇಲೆಲ್ಲ ಇಳಿದಿತ್ತು. ಮುಂಜಾನೆ ಕನ್ನಡಿ ಮುಂದೆ ನಿಂತು, ಹೆಗಲ ಮೇಲಿನ ಟಾವೆಲ್ ತೆಗೆದು ಬೀಸಿ ಬೀಸಿ ನೋಡುತ್ತಿದ್ದರು. ಊರ ಹಿರಿಯನೆನಿಸಿಕೊಂಡ ಗಂಡಸು, ಎರಡು ಮಕ್ಕಳ ತಂದೆ. ನಾನು ಚಹಾ ಹಿಡಿದು ಹಿಂದೆ ನಿಂತಿರುತ್ತಿದ್ದೆ.

ಮ್ಯಾನೇಜರ್ ಒಂದು ಕಾಗದ ಕೊಟ್ಟು ಹೋಗಿದ್ದ, ಸಹಿ ಮಾಡಿಕೊಡಿ ಎಂದು. ಇಂಗ್ಲಿಷಿನಲ್ಲಿ ಟೈಪು ಮಾಡಿದ್ದು. ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿದವಳು, ಮನೆಗೆ ಬಂದ ಇಂಗ್ಲಿಷ್ ಕಾಗದಗಳೆಲ್ಲ ನನ್ನ ಕೈಗೇ ಬರುತ್ತಿದ್ದವು. ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದುತ್ತ, ಕನ್ನಡದಲ್ಲಿ ಹೇಳುತ್ತ ಹೋದೆ. ಅತ್ತೆ ಒಳಗೆ ದೇವರ ಜಗಲಿಯ ಮುಂದೆ ಬತ್ತಿ ಹೊಸೆಯುತ್ತ ಕೂತಿದ್ದರು. ಕಾಗದದ ಕೆಳಗಿನ ಒಂದು ಸಾಲಿಗೆ ಬಂದಾಗ ನನ್ನ ನಾಲಿಗೆ ನಿಂತಿತು. ಚಿತ್ರೀಕರಣದ ನಂತರ ಗಾಡಿ ಬಳಕೆಗೆ ಬಾರದ ಸ್ಥಿತಿಯಲ್ಲಿರುವುದು, ಅದಕ್ಕೆ ಮಾಲೀಕರ ತಕರಾರು ಇರುವುದಿಲ್ಲ ಎಂದಿತ್ತು. ಗಂಡನ ಮುಖ ನೋಡಿದೆ. ಅವರಿಗೆ ಅದು ಮೊದಲೇ ಗೊತ್ತಿತ್ತು. ತುಟಿಯ ಮೇಲೆ ಬೆರಳಿಟ್ಟು, ಕಣ್ಣಲ್ಲೇ ಒಳಗಿನ ಕೋಣೆ ತೋರಿಸಿದರು.

ಆಮೇಲೆ ಹಿತ್ತಲಿನಲ್ಲಿ ಸಿಕ್ಕಾಗ ಒಂದೇ ಮಾತು ಹೇಳಿದರು. "ಹಳೇ ಕಬ್ಬಿಣ ಅದು. ಅವ್ವಗ ಹೇಳಬ್ಯಾಡ, ಸುಮ್ಮ ರಂಪ ಆಕ್ಕೈತಿ." ನಾನು ಹೇಳಲಿಲ್ಲ. ಗಂಡನ ಹೆದರಿಕೆಗೆ ಎಂದು ಬರೆದರೆ ಓದುವವರು ಪಾಪ ಎಂದಾರು. ಖರೆ ಏನೆಂದರೆ ಅವರು ನನ್ನ ಮೇಲೆ ಎಂದೂ ಕೈ ಮಾಡಿದವರಲ್ಲ, ಗಟ್ಟಿಯಾಗಿ ಬೈದವರೂ ಅಲ್ಲ. ಮನೆಯಲ್ಲಿ ಗದ್ದಲ ಆಗುತ್ತದೆ, ಎರಡು ದಿನ ಯಾರೂ ಸರಿಯಾಗಿ ಉಣ್ಣುವುದಿಲ್ಲ, ಅದೆಲ್ಲ ಯಾಕೆ ಎಂದು ಸುಮ್ಮನಾದೆ. ಅಷ್ಟೇ ಕಾರಣ. ಎರಡು ದಿನದ ಉಪದ್ವ್ಯಾಪ ತಪ್ಪಿಸಿಕೊಳ್ಳಲು ಬಾಯಿಗೆ ಬೀಗ ಹಾಕಿಕೊಂಡೆ. ಹೀಗೆ ಸುಮ್ಮನಿರುವುದಕ್ಕೆ ನಮ್ಮಲ್ಲಿ ಒಳ್ಳೆಯ ಸೊಸೆ ಎಂಬ ಹೆಸರೂ ಸಿಗುತ್ತದೆ.

ಮರುದಿನ ಚಾಚಾ ಗಾಡಿ ಒರೆಸುತ್ತಿದ್ದವನು ನನ್ನನ್ನು ಕಂಡು ಕೇಳಿದ, "ಅಕ್ಕಾರ, ಕಾಗದದಾಗ ಏನ ಬರದಾರ್ರಿ? ಹೆಂಗ ಓಡಸ್ತಾರಂತ?" ರೇಸಿನಾಗ ಓಡಸ್ತಾರಂತ, ಎಂಟು ದಿನದ ಕೆಲಸ ಅಂತ ಎಂದೆ. ಎಂಟು ದಿನ ಎಂಬುದು ನನ್ನ ಗಂಡ ಅತ್ತೆಗೆ ಹೇಳಿದ್ದ ಮಾತು, ಅದನ್ನೇ ನಾನೂ ಎತ್ತಿಕೊಂಡೆ. ಆತ ಖುಷಿಯಾದ. ಬ್ರೇಕಿಗೆ ಹೊಸ ಎಣ್ಣೆ ಹಾಕಿದ. ಗಾಲಿಗಳನ್ನು ಬಿಚ್ಚಿ ತೊಳೆದು ಗ್ರೀಸು ತುಂಬಿದ. ಸಿನಿಮಾದಲ್ಲಿ ಮಂದಿ ನೋಡುತ್ತಾರೆಂದು ಹಿತ್ತಾಳೆಯ ಹಾರ್ನಿಗೆ ಹುಣಸೆಹಣ್ಣು ತಿಕ್ಕಿ ಬಂಗಾರದ ಹಾಗೆ ಮಾಡಿದ. ಕೊಲ್ಲಲು ಒಯ್ಯುವ ಎತ್ತಿನ ಮೈ ತೊಳೆದ ಹಾಗೆ, ಮತ್ತು ಅದನ್ನು ತಡೆಯುವ ಮಾತು ನನ್ನ ಬಾಯಲ್ಲೇ ಇತ್ತು.

ಗಾಡಿ ಹೋಗುವ ಮುಂಜಾನೆ ಅತ್ತೆ ನನ್ನನ್ನು ಕರೆದು ಅದರ ಉಡಿ ತುಂಬು ಎಂದರು. ಮೊದಲು ನನಗೆ ತಿಳಿಯಲಿಲ್ಲ. ಮೋಟಾರಿಗೆ ಎಂಥ ಉಡಿ ಎಂದು ಗಂಡ ನಕ್ಕರು. ಅತ್ತೆ ನಗಲಿಲ್ಲ. ಮನೆಯ ಹೆಣ್ಣುಮಗಳು ಊರು ದಾಟಿ ಹೋಗುವಾಗ ಬರಿ ಉಡಿಯಲ್ಲಿ, ಬರಿ ಮಡಿಲಲ್ಲಿ ಕಳಿಸುತ್ತಾರೇನು, ಎಷ್ಟು ಮಂದಿಯ ಬಾಣಂತನ ಮಾಡಿದ ಗಾಡಿ ಇದು ಎಂದರು. ಮಾವನವರು ಹೋದ ಮೇಲೆ ಅತ್ತೆ ಯಾರ ಉಡಿಗೂ ಕೈ ಹಚ್ಚುತ್ತಿರಲಿಲ್ಲ, ಅದು ಮುತ್ತೈದೆಯ ಕೆಲಸ. ಹಾಗಾಗಿ ನಾನೇ ತುಂಬಬೇಕು. ಹಸಿರು ಕುಪ್ಪಸದ ಖಣ, ಅಕ್ಕಿ, ಎಲೆ ಅಡಿಕೆ, ಉತ್ತತ್ತಿ, ಅರಿಸಿನ ಬೇರು, ಒಂದು ತೆಂಗಿನಕಾಯಿ ಎಲ್ಲ ಅವರೇ ತಾಟಿನಲ್ಲಿ ತೆಗೆದಿಟ್ಟು, ತಾವು ತಲಬಾಗಿಲಲ್ಲಿ ನಿಂತರು.

ಬಾನೆಟ್ಟಿಗೆ ಅರಿಸಿನ ಕುಂಕುಮ ಹಚ್ಚಿದೆ. ಐದು ಸಲ ಅಕ್ಕಿ ಹಾಕಿದೆ. ಖಣದಲ್ಲಿ ಎಲ್ಲವನ್ನೂ ಗಂಟು ಕಟ್ಟಿ ಮುಂದಿನ ಬಂಪರಿಗೆ ಬಿಗಿದೆ. ತವರಿನಿಂದ ಹೊರಟವಳಿಗೂ ಉಡಿ ತುಂಬುತ್ತಾರೆ, ಸತ್ತ ಮುತ್ತೈದೆಯನ್ನು ಮಣ್ಣಿಗೆ ಒಯ್ಯುವ ಮೊದಲೂ ತುಂಬುತ್ತಾರೆ. ನಾನು ಯಾವುದಕ್ಕೆ ತುಂಬುತ್ತಿದ್ದೇನೆ ಎಂಬುದು ಆ ಅಂಗಳದಲ್ಲಿ ನನಗೂ ಗಂಡನಿಗೂ ಮಾತ್ರ ಗೊತ್ತಿದೆ ಎಂದುಕೊಂಡಿದ್ದೆ. ಚಾಚಾ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡು, ಬಾಗಿಲ ಕಡೆ ತಿರುಗಿ, ಹುಷಾರಾಗಿ ಕರಕೊಂಡ ಬರ್ತೀನ್ರಿ ಅವ್ವಾರ ಎಂದ. ಅತ್ತೆ ತಲೆ ಅಲ್ಲಾಡಿಸಿದರು.

ಶೂಟಿಂಗು ಅಂದೇ, ಕೆರೆಯ ಆಚೆಯ ಬಯಲಿನಲ್ಲಿ. ನನ್ನನ್ನೂ ಗಂಡ ಕರೆದುಕೊಂಡು ಹೋದರು, ತಾವು ಬಾವುಟ ಬೀಸುವುದನ್ನು ಹೆಂಡತಿ ನೋಡಬೇಕಲ್ಲ. ನಮಗೆ ಕುರ್ಚಿ ಹಾಕಿದ್ದರು. ನಮ್ಮ ಕಡೆ ಬಾವಿಯ ನೀರು ಸವಳು, ಕುಡಿಯಲು ಕೆರೆಯ ನೀರೇ ಗತಿ. ಬೇಸಿಗೆಯಲ್ಲಿ ಕೆರೆಯಲ್ಲಿ ಎತ್ತಿನ ಮೈ ಕೂಡ ತೊಳೆಯಗೊಡುವುದಿಲ್ಲ, ಕಾಲು ಹಾಕಿದವನನ್ನು ಪಂಚರ ಮುಂದೆ ನಿಲ್ಲಿಸುತ್ತಾರೆ. ಅಂಥ ಕೆರೆಯಿಂದ ಸಿನಿಮಾದವರು ಟ್ಯಾಂಕರ್ ತುಂಬಿ ತುಂಬಿ ತಂದು ಧೂಳು ಅಡಗಲೆಂದು ನೆಲಕ್ಕೆ ಸುರಿದರು. ಮತ್ತೆ ಧೂಳು ಏಳಬೇಕೆಂದಾಗ ಒಣ ಮಣ್ಣು ಹೇರಿಸಿದರು. ಕೊಡ ಹೊತ್ತ ಹೆಂಗಸರು ದಂಡೆಯ ಮೇಲೆ ನಿಂತು, ಹೀರೋ ಯಾರು ಹೀರೋ ಯಾರು ಎಂದು ಇಣುಕುತ್ತಿದ್ದರು. ಪಂಚರು ಸಿನಿಮಾದವರು ಕೊಟ್ಟ ಚಹಾ ಕುಡಿಯುತ್ತಿದ್ದರು.

ಐದು ಹಳೆಯ ಕಾರುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಒಂದು ಅಳ್ನಾವರದಿಂದ ಲಾರಿಯ ಮೇಲೆ ಬಂದಿತ್ತು, ಕಟ್ಟಿಗೆ ವ್ಯಾಪಾರಿಯೊಬ್ಬರ ಮನೆಯದು. ಅದರಲ್ಲಿ ಕೋಳಿ ಸಾಕಿದ್ದರಂತೆ, ಸೀಟಿನ ಮೇಲೆಲ್ಲ ಹಿಕ್ಕೆ ಒಣಗಿ ಅಂಟಿತ್ತು. ಅದಕ್ಕೂ ಮೇಲೆ ಮೇಲೆ ಬಣ್ಣ ಹೊಡೆದು ರಾಜಕುಮಾರನ ಗಾಡಿ ಮಾಡಿದ್ದರು. ನಮ್ಮದರ ಹಿಂದಿನ ಗಾಜು ಒಡೆದು ತೆಗೆದಿದ್ದರು. ಮುಂದಿನ ಖಣದ ಗಂಟನ್ನು ಮಾತ್ರ ಬಿಟ್ಟಿದ್ದರು. ಬಿಚ್ಚಲು ಹೋದವನನ್ನು ಫೈಟಿಂಗ್ ಮಾಸ್ಟರ್ ತಡೆದನಂತೆ, ಇರಲಿ, ಹಸಿರು ಚೆಂದ ಕಾಣಿಸುತ್ತದೆ ಎಂದು.

ನನ್ನ ಗಂಡ ಬಿಳಿ ಕೋಟು, ಯಾರದೋ ಬೆವರು ನಾರುವ ರುಮಾಲು ಸುತ್ತಿಕೊಂಡು ಬಾವುಟ ಹಿಡಿದು ನಿಂತರು. ಅದರ ಫಲ ಏನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಸಿನಿಮಾ ಹುಬ್ಬಳ್ಳಿಗೆ ಬಂದಾಗ ಬೀಗರು ಬಿಜ್ಜರನ್ನೆಲ್ಲ ಕೂಡಿಸಿಕೊಂಡು ಥಿಯೇಟರಿಗೆ ಹೋದರು. ಪರದೆಯ ಮೇಲೆ ಬಂದದ್ದು ಒಂದು ಮುಂಗೈ ಮತ್ತು ಬಾವುಟ. ಆ ಮುಂಗೈ ಅವರದೇ ಎಂದು ಉಂಗುರ ನೋಡಿ ಗುರುತು ಹಿಡಿಯಬೇಕಾಯಿತು. ಒಂದು ಉಂಗುರ ತೋರಿಸುವುದಕ್ಕೆ ಅಪ್ಪನ ಗಾಡಿ ಕೊಟ್ಟರು ಎಂದು ನಾನು ಕತ್ತಲಲ್ಲಿ ಕೂತು ಹಲ್ಲು ಕಡಿದೆ. ಅವರಿಗೆ ನಾಚಿಕೆ ಎಂಬುದು ಇರಲಿಲ್ಲ. ಮರುದಿನದಿಂದ ಕಂಡವರಿಗೆಲ್ಲ ಆ ಉಂಗುರ ತೋರಿಸುತ್ತ ತಿರುಗಿದರು.

ಬಯಲಿನಲ್ಲಿ ಅಂದು ನಮ್ಮ ಗಾಡಿ ಚಾಲೂ ಆಗಲಿಲ್ಲ. ಅವರ ಮೆಕ್ಯಾನಿಕ್ಕುಗಳು ಮೂವರು ಒಬ್ಬರಾದ ಮೇಲೆ ಒಬ್ಬರು ಹ್ಯಾಂಡಲ್ ಹೊಡೆದು ಕೈ ಸೋತರು. ಕೊನೆಗೆ ಚಾಚಾನನ್ನು ಕರೆದರು. ಆತ ಒದ್ದೆ ಅರಿವೆ ಹಾಕಿ, ಅರ್ಧ ಸುತ್ತು ತಿರುಗಿಸಿ, ಸುಮ್ಮನೆ ನಿಂತ. ಸುತ್ತಲಿನವರು ನಕ್ಕರು. ಎರಡನೆಯ ಹೊಡೆತಕ್ಕೆ ಗಾಡಿ ಎದ್ದಿತು. ಚಾಚಾ ಹ್ಯಾಂಡಲ್ ಹಿಡಿದುಕೊಂಡೇ ಬಾಗಿಲು ತೆಗೆದು ಬಾಜು ಸೀಟಿನಲ್ಲಿ ಕೂರಲು ಹೋದ. ಮೂರನೆಯ ಗೇರು ಜಾರುತ್ತದೆ, ಯಾರಾದರೂ ಒತ್ತಿ ಹಿಡಿಯಬೇಕು, ನಡೆಸುವವನಿಗೆ ತಿಳಿಯುವುದಿಲ್ಲ ಎಂದ. ಬೇಡ ಇಳಿ ಎಂದು ಮಾಸ್ಟರನ ಕಡೆಯವರು ತೋಳು ಹಿಡಿದು ಇಳಿಸಿದರು. ಮುದುಕನಿಗೆ ಹೀರೋ ಆಗುವ ಆಸೆ ಎಂದು ಯಾರೋ ಹಾಸ್ಯ ಮಾಡಿದರು. ಆತ ಬಂದು ನನ್ನ ಕುರ್ಚಿಯ ಬಾಜು ನಿಂತ.

ರೇಸು ಶುರುವಾಯಿತು. ಐದು ಗಾಡಿಗಳು ಧೂಳೆಬ್ಬಿಸಿ ಹೊರಟವು. ಮೊದಲ ತಿರುವಿನಲ್ಲೇ ಕೋಳಿಯ ಗಾಡಿ ಇನ್ನೊಂದಕ್ಕೆ ಹಾಯ್ದು ಗಾಲಿ ಕಳಚಿಕೊಂಡಿತು. ಜನ ಸಿಳ್ಳೆ ಹಾಕಿದರು. ನಮ್ಮ ಮೋಟಾರು ಎರಡನೆಯ ಸುತ್ತಿಗೆ ಎಲ್ಲಕ್ಕಿಂತ ಮುಂದೆ ಬಂತು. ಕತೆಯಲ್ಲಿ ಹಾಗೆ ಇತ್ತೋ, ಗಾಡಿಯೇ ಹಾಗೆ ಓಡಿತೋ ಗೊತ್ತಿಲ್ಲ. ಚಾಚಾನ ಮುಖ ನೋಡಲು ನನ್ನಿಂದ ಆಗಲಿಲ್ಲ. ತನ್ನ ಮಗನ ಕುಸ್ತಿ ನೋಡುವವನ ಹಾಗೆ ತುದಿಗಾಲಲ್ಲಿ ನಿಂತಿದ್ದ. "ನೋಡ್ರಿ ಅಕ್ಕಾರ, ಹೆಂಗ ಹೊಂಟೈತಿ ನೋಡ್ರಿ," ಎಂದ. ನೋಡಿದೆ. ಆಗಲಾದರೂ ಹೇಳಬಹುದಿತ್ತು. ಓಡಿ ಹೋಗಿ ಅಡ್ಡ ನಿಲ್ಲು ಎಂದರೆ ಆತ ನಿಲ್ಲುತ್ತಿದ್ದ. ನಾನು ಸೆರಗು ಸರಿ ಮಾಡಿಕೊಂಡೆ.

ಬಯಲಿನ ಕೊನೆಗೆ ಗರಸು ಮಣ್ಣು ತೆಗೆದು ತೆಗೆದು ಆದ ದೊಡ್ಡ ತಗ್ಗು ಇತ್ತು. ಗಾಡಿ ಅದರ ಕಡೆ ತಿರುಗಿದಾಗ ಚಾಚಾ, ಆ ಕಡೆ ದಾರಿ ಇಲ್ಲ ಎಂದು ಕೂಗಿ ಓಡತೊಡಗಿದ. ಅಂಚಿನ ಹತ್ತಿರ ಬಂದಾಗ ಒಳಗಿದ್ದವನು ಬಾಗಿಲು ತೆಗೆದು ಹೊರಗೆ ಜಿಗಿದು ಉರುಳಿದ. ಆದರೆ ಗಾಡಿ ಬೀಳಲಿಲ್ಲ. ಮುಂದಿನ ಗಾಲಿ ಎರಡೂ ಗಾಳಿಯಲ್ಲಿ, ಹೊಟ್ಟೆ ಅಂಚಿನ ಮೇಲೆ ಊರಿ ನಿಂತುಬಿಟ್ಟಿತು. ಎಂಜಿನ್ ಇನ್ನೂ ಓಡುತ್ತಿತ್ತು. ಮಾಸ್ಟರ್ ತನ್ನ ಭಾಷೆಯಲ್ಲಿ ಬಾಯಿಗೆ ಬಂದದ್ದು ಬೈದ. ಎಳೆಯಲು ಏನಾದರೂ ಬೇಕು ಎಂದಾಗ ನನ್ನ ಗಂಡ ಮುಂದೆ ಬಂದು, ನಮ್ಮ ಟ್ರ್ಯಾಕ್ಟರ್ ಐತ್ರಿ ಎಂದರು. ಹಗ್ಗ ಕಟ್ಟಿ ಎಳೆದು ಹಿಂದೆ ತಂದರು, ಅಷ್ಟರಲ್ಲಿ ಎಂಜಿನ್ ನಿಂತಿತ್ತು. ಚಾಚಾ ಮ್ಯಾನೇಜರನ ಮುಂದೆ ಕೈ ಜೋಡಿಸಿ, ಗಾಡಿಗೆ ಏನೂ ಆಗಿಲ್ಲ, ಮನೆಗೆ ಒಯ್ಯುತ್ತೇನೆ ಎನ್ನುತ್ತಿದ್ದ. ಆಯಿತು ಅಜ್ಜಾ, ಇನ್ನೊಂದು ಸಲ ಚಾಲೂ ಮಾಡಿ ಕೊಡು, ಆಮೇಲೆ ಒಯ್ಯಿ ಎಂದ ಆ ಬೆಣ್ಣೆ ಬಾಯಿಯವನು. ಆತ ನಂಬಿ ಮತ್ತೆ ಚಾಲೂ ಮಾಡಿಕೊಟ್ಟ.

ಎರಡನೆಯ ಸಲ ಹಿಂದಿನ ಸೀಟಿನಲ್ಲಿ ಅರಳೆ ತುಂಬಿದ ಒಂದು ಬೊಂಬೆಯನ್ನು ಮಲಗಿಸಿದರು. ಹೀರೋಯಿನ್ನಂತೆ. ಸೀರೆ ಉಡಿಸಿದ್ದರು. ಎತ್ತಿ ಒಳಗೆ ಹಾಕುವಾಗ ಸೀರೆ ಜಾರಿತು, ಹೊತ್ತವರು ಹೊಲಸು ಮಾತಾಡಿ ಕಿಸಕ್ಕೆಂದು ನಕ್ಕರು. ನನ್ನ ಮಗಳು ಕಣ್ಣು ಬಿಟ್ಟ ಸೀಟು ಅದು. ಜಮಖಾನೆಯ ನವಿಲುಗಳ ಮೇಲೆ ಆ ಬೊಂಬೆ ಕಾಲು ಅಗಲಿಸಿ ಬಿದ್ದಿತ್ತು. ಈ ಸಲ ಹಿಂದಿನಿಂದ ಟ್ರ್ಯಾಕ್ಟರಿನಿಂದಲೇ ನೂಕಿದರು. ಗಾಡಿ ತಗ್ಗಿಗೆ ಬಿತ್ತು, ಎರಡು ಉರುಳು ಉರುಳಿ ಮೇಲುಮುಖವಾಗಿ ನಿಂತಿತು. ಬೆಂಕಿ ಹತ್ತಲಿಲ್ಲ. ಆಗ ಇಬ್ಬರು ಇಳಿದು ಹೋಗಿ ಪೆಟ್ರೋಲು ಸುರಿದು ಕಡ್ಡಿ ಗೀರಿದರು. ನೆರೆದವರೆಲ್ಲ ಚಪ್ಪಾಳೆ ತಟ್ಟಿದರು. ಅವರಲ್ಲಿ ಎಷ್ಟೋ ಜನರ ತಾಯಂದಿರು ಅದೇ ಗಾಡಿಯಲ್ಲಿ ಹೋಗಿ ಅವರನ್ನು ಹಡೆದು ಬಂದಿದ್ದರು. ರಬ್ಬರು, ಅರಳೆ, ಜಮಖಾನೆಯ ನೂಲು ಒಟ್ಟಿಗೆ ಸುಡುವ ವಾಸನೆ ಎಂಥದ್ದು ಎಂದು ನನಗೆ ಆಗ ತಿಳಿಯಿತು. ಆ ರಾತ್ರಿ ತಲೆ ತೊಳೆದುಕೊಂಡರೂ ಕೂದಲಿನಿಂದ ಹೋಗಲಿಲ್ಲ.

ಇನ್ನೂ ಹೇಸಿಗೆಯ ಮಾತು ಉಳಿದಿದೆ. ಗಾಡಿ ಬೀಳುವಾಗ ಖಣದ ಗಂಟು ಹರಿದು, ತೆಂಗಿನಕಾಯಿ ಬಾಜು ಸಿಡಿದಿತ್ತು. ಬೆಂಕಿ ಆರಿದ ಮೇಲೆ ಲೈಟಿನವನೊಬ್ಬ ಅದನ್ನು ಆಯ್ದು ತಂದು ಕಲ್ಲಿಗೆ ಹೊಡೆದ. ಅರ್ಧ ಸುಟ್ಟಿತ್ತು. ಚೂರು ಚೂರು ಮಾಡಿ ಪ್ರಸಾದ ಎಂದು ಹಂಚಿದರು. ನನ್ನ ಗಂಡ ರುಮಾಲು ಸುತ್ತಿಕೊಂಡೇ ಒಂದು ಚೂರು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ನನ್ನ ಕೈಗಿಟ್ಟರು, ಘಮ ಘಮ ಐತಿ ತಿನ್ನು ಎಂದು. ನಾನು ತಿನ್ನಲಿಲ್ಲ. ಆದರೆ ಬಿಸಾಡಲೂ ಇಲ್ಲ, ನಾಲ್ಕು ಮಂದಿಯ ಮುಂದೆ ಗಂಡ ಕೊಟ್ಟದ್ದನ್ನು ಬಿಸಾಡಿದರೆ ಏನಂದಾರು ಎಂದು. ಮುಷ್ಟಿಯಲ್ಲಿ ಹಿಡಿದುಕೊಂಡು ಕೂತೆ. ಅಂಗೈ ಮಸಿಯಾಯಿತು.

ಚಾಚಾ ನನ್ನ ಮುಂದೆ ಬಂದು ನಿಂತ. ಹ್ಯಾಂಡಲ್ ಇನ್ನೂ ಅವನ ಕೈಯಲ್ಲೇ ಇತ್ತು. ಅದನ್ನು ನನ್ನ ಕುರ್ಚಿಯ ಕಾಲ ಹತ್ತಿರ ಇಟ್ಟ. "ಇದೊಂದ ಉಳದೈತಿ. ಮನಿ ಸಾಮಾನ, ಅವ್ವಾರಿಗೆ ಮುಟ್ಟಸ್ರಿ," ಎಂದ. ನನ್ನ ಮುಖ ನೋಡದೆ ಕೇಳಿದ, "ಕಾಗದ ನೀವ ಓದಿದ್ರಲ್ರಿ ಅಕ್ಕಾರ?" ನಾನು ಹೌದು ಎಂದೆ. ಆತ ಕೆರೆಯ ಏರಿ ಹಿಡಿದು ಊರ ಕಡೆ ನಡೆದ. ಆಮೇಲೆ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ದಾರಿಯಲ್ಲಿ ಸಿಕ್ಕರೆ ಸಲಾಂ ಮಾಡುತ್ತಿದ್ದ, ಅಕ್ಕಾರ ಎನ್ನುತ್ತಿರಲಿಲ್ಲ.

ಮನೆಗೆ ಬಂದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ಅತ್ತೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಗಂಡ ಚಪ್ಪಲಿ ಬಿಡುತ್ತಲೇ, ಬ್ರೇಕು ಹೋಗಿ ಗಾಡಿ ತಗ್ಗಿಗೆ ಬಿತ್ತು, ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಚಾಚಾ ಹಿಂದಿನ ದಿನವಷ್ಟೇ ಕೈಯಾರೆ ಸರಿಮಾಡಿದ್ದ ಬ್ರೇಕು. ಅತ್ತೆ ನನ್ನ ಕಡೆ ತಿರುಗಿ, ಹೌದೇನವಾ ಎಂದು ಕೇಳಿದರು. ಹೌದ್ರಿ ಅತ್ತಿ ಎಂದೆ. ಅವರು ಮೊರದ ಕಡೆ ನೋಡಿ ಹರಳು ಆರಿಸತೊಡಗಿದರು. ಹ್ಯಾಂಡಲನ್ನು ಕೊಟ್ಟಿಗೆಯ ಮೂಲೆಯಲ್ಲಿಟ್ಟು ಕೈ ತೊಳೆದುಕೊಂಡೆ. ಗದ್ದಲ ಆಗಲಿಲ್ಲ. ಎಲ್ಲರೂ ಸರಿಯಾಗಿ ಉಂಡರು.

ಮಳೆಗಾಲ ಕಳೆದು, ಸಿನಿಮಾ ಬಂದು ಹೋಗಿ, ದಸರೆ ಬಂತು. ಖಂಡೆ ಪೂಜೆಯ ದಿನ ಮನೆಯ ಕುಡಗೋಲು, ಕೊಡಲಿ, ಕುರಪಿಗಳನ್ನೆಲ್ಲ ತೊಳೆದು ಛಪ್ಪರದಲ್ಲಿ ಸಾಲಾಗಿ ಇಟ್ಟೆವು. ಮೋಟಾರು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಟ್ರ್ಯಾಕ್ಟರ್ ನಿಂತಿತ್ತು. ಗಂಡ ಊರೊಳಗೆ ಹೋಗಿದ್ದರು. ಅತ್ತೆ ಕಟ್ಟೆಯ ಮೇಲೆ ಕೂತು ಹೂವು ಕಟ್ಟಿ ಕೊಡುತ್ತಿದ್ದರು, ನಾನು ಒಂದೊಂದಕ್ಕೂ ವಿಭೂತಿ ಹಚ್ಚುತ್ತಿದ್ದೆ. ಬಯಲಿನಲ್ಲಿ ಕಂಡದ್ದು ತಿಂಗಳುಗಟ್ಟಲೆ ಒಳಗೇ ಕೊಳೆತು ನಾರುತ್ತಿತ್ತು. ಹೇಳಿಬಿಟ್ಟರೆ ನನ್ನ ಹೊಟ್ಟೆಯಾದರೂ ತಣ್ಣಗಾದೀತು, ಅತ್ತೆ ಬೈದರೆ ಬೈದುಕೊಳ್ಳಲಿ ಎಂದು ಧೈರ್ಯ ಮಾಡಿದೆ. ಬ್ರೇಕು ಹೋಗಿರಲಿಲ್ಲ, ಬೇಕೆಂದೇ ನೂಕಿದರು, ಕಾಗದದಲ್ಲೂ ಹಾಗೇ ಬರೆದಿತ್ತು ಎಂದು ಎಲ್ಲ ಹೇಳಿದೆ. ಕಣ್ಣಲ್ಲಿ ನೀರೂ ತಂದುಕೊಂಡೆ.

ಅತ್ತೆ ಹೂವು ಕಟ್ಟುವುದು ನಿಲ್ಲಿಸಲಿಲ್ಲ. ಗೊತ್ತೈತಿ ಎಂದರು. ಗಾಡಿ ಹೋಗುವ ಹಿಂದಿನ ದಿನ ನನ್ನ ಗಂಡ ಅದರೊಳಗೆ ಮಾವನವರು ಹಚ್ಚಿದ್ದ ಈಶ್ವರನ ಫೋಟೋ ಕಿತ್ತು ತಂದು ಜಗಲಿಯ ಹಿಂದೆ ಇಟ್ಟಿದ್ದರಂತೆ. ಎಂಟು ದಿನಕ್ಕೆ ಹೊಳ್ಳಿ ಬರುವ ಗಾಡಿಯಿಂದ ದೇವರನ್ನು ಯಾಕೆ ಇಳಿಸುತ್ತಾರೆ ಎಂದು ಅವರಿಗೆ ಆಗಲೇ ಸಂಶಯ ಬಂದಿತ್ತು. ಅಂದರೆ ಗೊತ್ತಿದ್ದೂ ಸುಮ್ಮನಿದ್ದರೇ ಎಂದು ನನಗೆ ಒಂದು ಗಳಿಗೆ ಸಿಟ್ಟು ಬಂತು. ಹಾಗಾದರೆ ನೀವು ಯಾಕೆ ತಡೆಯಲಿಲ್ಲ ಎಂದು ಕೇಳಿಯೂ ಬಿಟ್ಟೆ.

"ನಂದು ಬರೇ ಸಂಶಯ. ಓದಿದಾಕಿ ನೀ," ಎಂದರು ಅತ್ತೆ. "ಮಗ ಸುಳ್ಳ ಹೇಳೂದು ನನಗೇನ ಹೊಸಾದಲ್ಲ. ನೀ ಹೇಳತಿ ಅಂತ ಕಾದ್ನಿ. ಅದಕ್ಕಂತನ ಉಡಿ ತುಂಬಾಕ ಹಚ್ಚಿ, ಬಾಗಲದಾಗ ನಿಂತು ನಿನ್ನ ಕೈ ನೋಡಿದ್ನಿ. ಒಂದೀಟ ನಡುಗಿದ್ರೂ ಗಾಡಿ ಮುಂದ ಹೋಗಿ ಮಲಗತಿದ್ನಿ."

ಕಟ್ಟಿದ ಹೂವಿನ ದಾರವನ್ನು ಹಲ್ಲಿನಿಂದ ಕಡಿದು, ಹಾರವನ್ನು ನನ್ನ ಕಡೆ ಚಾಚಿದರು.

"ನಡುಗಲಿಲ್ಲ ನೋಡವಾ," ಎಂದರು. ಆಮೇಲೆ ಟ್ರ್ಯಾಕ್ಟರಿನ ಕಡೆ ಕೈ ಮಾಡಿ, ಬಾಡುತ್ತದೆ, ಹಾಕು ಎಂದರು. ಹಾಕಿದೆ.